ಸಾವಿತ್ರಿ ಖಾನೋಲ್ಕರ್

ಸಾವಿತ್ರಿ ಖಾನೋಲ್ಕರ್ (ಜನನ: ಜುಲೈ 20, 1913 – ಮರಣ: ನವೆಂಬರ್ 26, 1990) ಅವರು ಸ್ವಿಟ್ಜರ್ಲೆಂಡಿನಲ್ಲಿ ಜನಿಸಿ ಭಾರತದಲ್ಲಿ ನೆಲೆಸಿದ ಕಲಾವಿದೆ, ಲೇಖಕಿ ಹಾಗೂ ಭಾರತೀಯ ಭೂಸೇನೆಯ ಮೇಜರ್ ಜನರಲ್ ವಿಕ್ರಮ್ ಖಾನೋಲ್ಕರ್ ಅವರ ಪತ್ನಿ. ಭಾರತದ ಅತ್ಯುನ್ನತ ಸೇನಾ ಗೌರವವಾದ ಪರಮವೀರ ಚಕ್ರದ ವಿನ್ಯಾಸಕಿಯೆಂದು ಇವರು ಪ್ರಸಿದ್ಧರು. ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರ, ಕೀರ್ತಿ ಚಕ್ರ ಮತ್ತು ಶೌರ್ಯ ಚಕ್ರಗಳ ವಿನ್ಯಾಸವೂ ಇವರದೇ. ಈ ಪದಕಗಳನ್ನು ಪಡೆದವರ ಹೆಸರುಗಳು ಶಾಲಾಪಠ್ಯಗಳಲ್ಲಿ, ರಸ್ತೆ ವೃತ್ತಗಳಲ್ಲಿ ಉಳಿದಿದ್ದರೂ ಅವುಗಳನ್ನು ರೂಪಿಸಿದವರ ಹೆಸರು ಬಹುಕಾಲ ಸಾರ್ವಜನಿಕರಿಗೆ ಅಷ್ಟಾಗಿ ತಿಳಿದಿರಲಿಲ್ಲ.

ಜನನ ಮತ್ತು ಬಾಲ್ಯ

ಇವರ ಮೂಲ ಹೆಸರು ಈವ್ ಇವಾನ್ ಮಡೇ ಡಿ ಮಾರೋಸ್. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ನಗರ ಇವರ ಜನ್ಮಸ್ಥಳ. ತಂದೆ ಆಂದ್ರೆ ಡಿ ಮಡೇ ಹಂಗೇರಿ ಮೂಲದವರು. ಜಿನೀವಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಮುಂದೆ ರಾಷ್ಟ್ರಸಂಘದ ಗ್ರಂಥಾಲಯದಲ್ಲಿಯೂ ಕೆಲಸ ಮಾಡಿದರು. ತಾಯಿ ರಷ್ಯಾ ಮೂಲದವರು. ಬಾಲ್ಯದ ಹೆಚ್ಚಿನ ಭಾಗ ಕಳೆದದ್ದು ಜಿನೀವಾದಲ್ಲಿ. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಭಾರತದ ತತ್ತ್ವಶಾಸ್ತ್ರ ಮತ್ತು ಪುರಾಣಗಳ ಬಗೆಗಿನ ಆಸಕ್ತಿ ಇವರಲ್ಲಿ ಭಾರತವನ್ನು ಕಾಣುವ ಮೊದಲೇ ಮೂಡಿತ್ತು.

ವಿವಾಹ

1929ರಲ್ಲಿ, ಹದಿಹರೆಯದಲ್ಲಿದ್ದಾಗ, ಈವ್ ಅವರಿಗೆ ವಿಕ್ರಮ್ ಖಾನೋಲ್ಕರ್ ಅವರ ಪರಿಚಯವಾಯಿತು. ಮರಾಠಿ ಮನೆತನದ ವಿಕ್ರಮ್ ಆಗ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಿದ್ದರು. ರಜೆಯಲ್ಲಿ ಹಿಮಜಾರಾಟಕ್ಕೆಂದು ಆಲ್ಪ್ಸ್ ಪರ್ವತ ಪ್ರದೇಶಕ್ಕೆ ಬಂದಿದ್ದರು. ಅವರು ಭಾರತಕ್ಕೆ ಮರಳಿದ ಮೇಲೂ ಪತ್ರವ್ಯವಹಾರ ನಿಲ್ಲಲಿಲ್ಲ. ಅಷ್ಟು ದೂರದ ದೇಶಕ್ಕೆ ಮಗಳನ್ನು ಕಳುಹಿಸಲು ತಂದೆಗೆ ಮನಸ್ಸಿರಲಿಲ್ಲ. ಆದರೂ ಈವ್ ತಮ್ಮ ನಿರ್ಧಾರವನ್ನು ಬದಲಿಸದೆ ಭಾರತಕ್ಕೆ ಬಂದರು. 1932ರಲ್ಲಿ ಲಖನೌದಲ್ಲಿ ವಿವಾಹ ನೆರವೇರಿತು. ಹಿಂದೂ ಧರ್ಮವನ್ನು ಸ್ವೀಕರಿಸಿದ ಅವರು ಸಾವಿತ್ರಿ ಎಂಬ ಹೆಸರನ್ನು ಪಡೆದರು. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಬ್ರಿಟಿಷರ ಆಳ್ವಿಕೆಯ ಆ ಕಾಲದಲ್ಲಿ ಭಾರತೀಯ ಅಧಿಕಾರಿಯನ್ನು ವರಿಸಿದ ಯುರೋಪಿನ ಹೆಣ್ಣುಮಗಳ ಸ್ಥಾನ ದಂಡುಪ್ರದೇಶಗಳಲ್ಲಿ ಸುಲಭದ್ದಾಗಿರಲಿಲ್ಲ. ಯುರೋಪಿನ ನಡೆನುಡಿಗಳನ್ನೇ ಉಳಿಸಿಕೊಂಡು ಬಾಳಲು ಅವಕಾಶವಿದ್ದರೂ ಸಾವಿತ್ರಿಯವರು ಅದನ್ನು ಬಯಸಲಿಲ್ಲ. ಹತ್ತಿಯ ಸೀರೆ ಉಟ್ಟರು, ಸಸ್ಯಾಹಾರಿಯಾದರು, ಮರಾಠಿ ಮತ್ತು ಹಿಂದಿಯನ್ನು ನಿರರ್ಗಳವಾಗಿ ಮಾತನಾಡಲು ಕಲಿತರು. ಅವರನ್ನು ವಿದೇಶಿಯೆಂದು ಕರೆದರೆ ಒಪ್ಪುತ್ತಿರಲಿಲ್ಲ. ಯುರೋಪಿನಲ್ಲಿ ಹುಟ್ಟಿದ್ದಷ್ಟೇ ಆಕಸ್ಮಿಕ, ತಮ್ಮ ಆತ್ಮ ಭಾರತದ್ದೆಂದು ಹೇಳಿಕೊಳ್ಳುತ್ತಿದ್ದರು ಎಂಬ ಮಾತು ಪ್ರಚಲಿತದಲ್ಲಿದೆ.

ಅಧ್ಯಯನ ಮತ್ತು ಕಲೆ

ಸೇನಾಧಿಕಾರಿಯ ಸಂಸಾರವೆಂದರೆ ವರ್ಗಾವಣೆಗಳ ಸಂಸಾರ. ಸಿಖ್ ರೆಜಿಮೆಂಟಿನ ಅಧಿಕಾರಿಯಾಗಿದ್ದ ಪತಿಯೊಂದಿಗೆ ಸಾವಿತ್ರಿಯವರೂ ಊರಿಂದೂರಿಗೆ ಸಾಗಿದರು. ಪತಿಗೆ ಪಾಟ್ನಾಕ್ಕೆ ವರ್ಗವಾದದ್ದು ಇವರ ಬದುಕಿನ ಮುಖ್ಯ ತಿರುವು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ನಾಟಕ, ವೇದಾಂತ ಹಾಗೂ ಉಪನಿಷತ್ತುಗಳನ್ನು ಅಭ್ಯಾಸ ಮಾಡಿದರು. ಚಿತ್ರಕಲೆ ಮತ್ತು ಸಂಗೀತಗಳಲ್ಲಿ ಪರಿಶ್ರಮ ಪಡೆದರಲ್ಲದೆ ನೃತ್ಯವನ್ನು ಉದಯ್ ಶಂಕರ್ ಅವರಲ್ಲಿ ಕಲಿತರು. ಮುಂದೆ ಇಂಗ್ಲಿಷಿನಲ್ಲಿ ಎರಡು ಕೃತಿಗಳನ್ನು ರಚಿಸಿದರು. ಒಂದು ಮಹಾರಾಷ್ಟ್ರದ ಸಂತರನ್ನು ಕುರಿತದ್ದು, ಇನ್ನೊಂದು ಸಂಸ್ಕೃತ ನಾಮಗಳ ಕೋಶ.

ಪದಕಗಳ ವಿನ್ಯಾಸ

1947ರವರೆಗೆ ಭಾರತೀಯ ಸೈನಿಕರಿಗೆ ದೊರೆಯುತ್ತಿದ್ದ ಅತ್ಯುನ್ನತ ಪದಕ ಬ್ರಿಟಿಷ್ ಸಿಂಹಾಸನದ ವಿಕ್ಟೋರಿಯಾ ಕ್ರಾಸ್. ಸ್ವಾತಂತ್ರ್ಯ ಬಂದ ಎರಡೇ ತಿಂಗಳಲ್ಲಿ ಕಾಶ್ಮೀರದಲ್ಲಿ ಯುದ್ಧ ಆರಂಭವಾಯಿತು. ಸೈನಿಕರು ಮಡಿಯುತ್ತಿದ್ದರು, ಅವರ ಪರಾಕ್ರಮವನ್ನು ಗೌರವಿಸಲು ಸ್ವತಂತ್ರ ದೇಶದ್ದೆನ್ನಬಹುದಾದ ಪದಕವೇ ಇರಲಿಲ್ಲ. ಹೊಸ ಪದಕಗಳನ್ನು ರೂಪಿಸುವ ಹೊಣೆ ಸೇನೆಯ ಅಡ್ಜುಟೆಂಟ್ ಜನರಲ್ ಆಗಿದ್ದ ಮೇಜರ್ ಜನರಲ್ ಹೀರಾಲಾಲ್ ಅಟಲ್ ಅವರದಾಯಿತು. ಅಟಲ್ ಅವರು ವಿನ್ಯಾಸಕ್ಕಾಗಿ ಸಹೋದ್ಯೋಗಿಯ ಪತ್ನಿಯಾಗಿದ್ದ ಸಾವಿತ್ರಿಯವರನ್ನು ಕೇಳಿಕೊಂಡರು. ಚಿತ್ರ ಬರೆಯಬಲ್ಲವರು ಬೇರೆಯೂ ಇದ್ದರು. ಆದರೆ ಸಂಸ್ಕೃತ, ಪುರಾಣ ಮತ್ತು ಸೇನಾ ಬದುಕು ಮೂರನ್ನೂ ಬಲ್ಲವರು ವಿರಳ. ಅಟಲ್ ಅವರ ಆಯ್ಕೆಯನ್ನು ಕೇವಲ ಪರಿಚಯದ ಫಲವೆನ್ನಲಾಗದು.

ಪರಮವೀರ ಚಕ್ರಕ್ಕೆ ಅವರು ಆರಿಸಿಕೊಂಡ ಸಂಕೇತ ಇಂದ್ರನ ವಜ್ರಾಯುಧ. ವೃತ್ರಾಸುರನನ್ನು ಗೆಲ್ಲಲು ಬೇಕಾದ ಆಯುಧಕ್ಕಾಗಿ ದಧೀಚಿ ಮಹರ್ಷಿ ತನ್ನ ದೇಹವನ್ನೇ ತ್ಯಜಿಸಿ ಮೂಳೆಗಳನ್ನು ನೀಡಿದ ಕಥೆ ಪ್ರಸಿದ್ಧವಾದುದು. ಇಲ್ಲಿ ವಿಜಯದ ಕೀರ್ತಿ ಇಂದ್ರನದು, ತ್ಯಾಗ ಋಷಿಯದು. ಇಂದಿನವರೆಗೆ ಪರಮವೀರ ಚಕ್ರ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಸಂದಿದೆ ಎಂಬುದನ್ನು ಗಮನಿಸಿದರೆ ಸಂಕೇತದ ಔಚಿತ್ಯ ತಿಳಿಯುತ್ತದೆ.

ಪದಕವು ಕಂಚಿನದು, ವ್ಯಾಸ ಸುಮಾರು 3.5 ಸೆಂಟಿಮೀಟರ್. ಮುಂಬದಿಯ ನಡುವೆ ರಾಷ್ಟ್ರಲಾಂಛನವೂ ಅದರ ಸುತ್ತ ನಾಲ್ಕು ವಜ್ರಾಯುಧಗಳೂ ಇವೆ. ಹಿಂಬದಿಯಲ್ಲಿ ಪದಕದ ಹೆಸರು ಹಿಂದಿ ಮತ್ತು ಇಂಗ್ಲಿಷ್‌ಗಳಲ್ಲಿದ್ದು, ಅವುಗಳ ನಡುವೆ ಕಮಲದ ಹೂವುಗಳಿವೆ. ಪಟ್ಟಿ ಅಚ್ಚ ನೇರಳೆ ಬಣ್ಣದ್ದು. ಶಿವಾಜಿಯ ಭವಾನಿ ಖಡ್ಗವೂ ವಿನ್ಯಾಸದಲ್ಲಿ ಸೇರಿದೆಯೆಂದು ಹಲವು ಬರಹಗಳಲ್ಲಿ ಕಾಣಬಹುದಾದರೂ ಪದಕದ ಅಧಿಕೃತ ವಿವರಣೆಯಲ್ಲಿರುವುದು ವಜ್ರಾಯುಧ ಮತ್ತು ರಾಷ್ಟ್ರಲಾಂಛನ ಮಾತ್ರ. ದುಬಾರಿ ಲೋಹವಾಗಲಿ ರತ್ನವಾಗಲಿ ಇಲ್ಲದ ಈ ಪದಕವು ನೋಟಕ್ಕೆ ಬಹಳ ಸರಳ.

ಪರಮವೀರ ಚಕ್ರ, ಮಹಾವೀರ ಚಕ್ರ ಮತ್ತು ವೀರ ಚಕ್ರಗಳನ್ನು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಗುವಂತೆ ಸ್ಥಾಪಿಸಲಾಯಿತು. ಮಹಾವೀರ ಚಕ್ರ ಬೆಳ್ಳಿಯದು. ಐದು ಮೊನೆಗಳ ನಕ್ಷತ್ರವನ್ನು ಹೊಂದಿದೆ, ಪಟ್ಟಿ ಅರ್ಧ ಬಿಳಿ, ಅರ್ಧ ಕಿತ್ತಳೆ. ಯುದ್ಧಭೂಮಿಯ ಹೊರಗಿನ ಪರಾಕ್ರಮಕ್ಕೆ ನೀಡುವ ಅಶೋಕ ಚಕ್ರವು 1952ರಲ್ಲಿ ಮೂರು ದರ್ಜೆಗಳಲ್ಲಿ ಆರಂಭವಾಯಿತು. 1967ರಲ್ಲಿ ಎರಡನೆಯ ದರ್ಜೆಗೆ ಕೀರ್ತಿ ಚಕ್ರ, ಮೂರನೆಯದಕ್ಕೆ ಶೌರ್ಯ ಚಕ್ರ ಎಂಬ ಹೆಸರುಗಳು ಬಂದವು.

ಮೊದಲ ಪರಮವೀರ ಚಕ್ರ ಸಂದದ್ದು ಕುಮಾವೂಂ ರೆಜಿಮೆಂಟಿನ 4ನೆಯ ಬೆಟಾಲಿಯನ್ನಿನ ಮೇಜರ್ ಸೋಮನಾಥ ಶರ್ಮ ಅವರಿಗೆ. ಮುರಿದ ಎಡಗೈಗೆ ಪ್ಲಾಸ್ಟರ್ ಇದ್ದಾಗಲೇ ಅವರು ಕಾಶ್ಮೀರದ ಬಡ್ಗಾಮ್‌ನಲ್ಲಿ ಹೋರಾಡಿ 1947ರ ನವೆಂಬರ್ 3ರಂದು ಹುತಾತ್ಮರಾದರು. ಸೋಮನಾಥರು ಸಾವಿತ್ರಿಯವರ ಹಿರಿಯ ಮಗಳ ಮೈದುನ ವರಸೆಯ ಬಂಧು. ತಾವು ರೂಪಿಸಿದ ಪದಕವು ಮೊದಲು ತಮ್ಮ ಬೀಗರ ಮನೆಗೇ, ಅದೂ ಮರಣೋತ್ತರವಾಗಿ ತಲುಪಿದ್ದು ಯಾರೂ ಯೋಜಿಸಿದ್ದಲ್ಲ.

ಸಮಾಜಸೇವೆ ಮತ್ತು ಕೊನೆಯ ವರ್ಷಗಳು

ದೇಶವಿಭಜನೆಯಿಂದ ನಿರಾಶ್ರಿತರಾದವರಿಗಾಗಿ, ಮಡಿದ ಯೋಧರ ಕುಟುಂಬಗಳಿಗಾಗಿ ಸಾವಿತ್ರಿಯವರು ದುಡಿದರು. 1952ರಲ್ಲಿ ವಿಕ್ರಮ್ ಖಾನೋಲ್ಕರ್ ನಿಧನರಾದರು. ಆಗ ಸಾವಿತ್ರಿಯವರಿಗೆ ನಲವತ್ತು ತುಂಬಿರಲಿಲ್ಲ. ಸ್ವಿಟ್ಜರ್ಲೆಂಡಿಗೆ ಮರಳುವ ಬದಲು ಅವರು ಅಧ್ಯಾತ್ಮದತ್ತ ಹೊರಳಿ ರಾಮಕೃಷ್ಣ ಮಠದ ಆಶ್ರಯದಲ್ಲಿ ಬಾಳಿದರು. ವೈಧವ್ಯದ ಮೂವತ್ತೆಂಟು ವರ್ಷಗಳ ಬಳಿಕ, 77ನೆಯ ವಯಸ್ಸಿನಲ್ಲಿ ನಿಧನರಾದರು.

ಕೊಡಗಿನೊಂದಿಗೆ ಪದಕಗಳ ನಂಟು

ಸಾವಿತ್ರಿಯವರ ವಿನ್ಯಾಸಗಳು ಜಾರಿಗೆ ಬಂದಾಗ ಭೂಸೇನೆಯ ಮುಖ್ಯಸ್ಥರಾಗಿದ್ದವರು ಕೊಡಗಿನ ಜನರಲ್ ಕೆ. ಎಂ. ಕಾರ್ಯಪ್ಪ. ಮೊದಲ ಪರಮವೀರ ಸೋಮನಾಥ ಶರ್ಮ ಅವರು ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನಿನಲ್ಲಿ ಹೋರಾಡಿದ್ದು ಮಡಿಕೇರಿಯ ಕೆ. ಎಸ್. ತಿಮ್ಮಯ್ಯ ಅವರ ಕೈಕೆಳಗೆ. ಅಮ್ಮತ್ತಿ, ಪೊನ್ನಂಪೇಟೆ, ನಾಪೋಕ್ಲುಗಳಂತಹ ಕಾಫಿ ಸೀಮೆಯ ಊರುಗಳಲ್ಲಿ ಸೇನೆಯ ನಂಟಿಲ್ಲದ ಕೊಡವ ಒಕ್ಕಗಳು ಕಡಿಮೆ. ಹಾಗಾಗಿ ಈ ಪದಕಗಳ ಹೆಸರುಗಳು ಅಲ್ಲಿ ಮನೆಮಾತು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಭಾಗವಹಿಸಿ, ತಮ್ಮ ಮಿಸ್ಟೇರ್ ವಿಮಾನದಿಂದ ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ಮಡಿದರು. ಆ ಕಾಳಗದ ವಿವರ ಭಾರತಕ್ಕೆ ತಿಳಿದದ್ದು ವರ್ಷಗಳ ಅನಂತರ, ಪಾಕಿಸ್ತಾನದ ಕಡೆಯ ವೃತ್ತಾಂತಗಳನ್ನು ಆಧರಿಸಿದ ಪುಸ್ತಕವೊಂದು ಪ್ರಕಟವಾದ ಮೇಲೆ. 1988ರಲ್ಲಿ ಅವರಿಗೆ ಮಹಾವೀರ ಚಕ್ರವನ್ನು ಮರಣೋತ್ತರವಾಗಿ ನೀಡಲಾಯಿತು. ಸಾವಿತ್ರಿಯವರು ಆಗ ಜೀವಿಸಿದ್ದರು.