ಎಸ್.ಪಿ. ರೋಡಿನಲ್ಲಿ 17 ಸೆಂಟಿಮೀಟರ್ ಲೆಕ್ಕ

ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಎಸ್.ಪಿ. ರೋಡಿಗೆ ನಡೆದೇ ಹೋಗಬಹುದು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಒಂದು ತುದಿಗೆ ಟೌನ್‌ಹಾಲ್, ಇನ್ನೊಂದು ಕಡೆ ನಗರ್ತಪೇಟೆಯ ಗಲ್ಲಿಗಳು. ಎರಡರ ನಡುವೆ ಮಾನಿಟರ್, ಕೇಬಲ್, ಕೀಬೋರ್ಡ್‌ಗಳ ರಾಶಿ. ಆನ್‌ಲೈನಿನಲ್ಲಿ ಎಲ್ಲವೂ ಸಿಗುವ ಈ ಕಾಲದಲ್ಲೂ ಚಿಕ್ಕ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಒಮ್ಮೆ ಇಲ್ಲಿಗೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಿಕ್ಕ ಪೆಟ್ಟಿಗೆಯ ಲೆಕ್ಕ ಮಿಲಿಮೀಟರಿನದು. ಬೋರ್ಡನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿದಾಗ ತಿಳಿಯುವಷ್ಟು ಫೋಟೋದಲ್ಲಿ ತಿಳಿಯುವುದಿಲ್ಲ.

ಮೆಟ್ಟಿಲು ಹತ್ತಿ ಹೋಗುವ ಒಂದು ಅಂಗಡಿಯ ಕೌಂಟರ್ ಮೇಲೆ ಮೂರು ಬೋರ್ಡುಗಳನ್ನು ಪಕ್ಕಪಕ್ಕ ಇಡಿಸಿಕೊಂಡೆ. ಮೊದಲನೆಯದು ಎಟಿಎಕ್ಸ್. 1995ರಲ್ಲಿ ಇಂಟೆಲ್ ತಂದ ಅಳತೆ, 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಎರಡನೆಯದು ಮೈಕ್ರೋ ಎಟಿಎಕ್ಸ್, ಎರಡೂ ಕಡೆ 244. ಮೂರನೆಯದು ತೈವಾನಿನ ವಯಾ ಕಂಪನಿ 2001ರಲ್ಲಿ ರೂಪಿಸಿದ ಮಿನಿ ಐಟಿಎಕ್ಸ್. ಅದು 170ಕ್ಕೆ 170, ಅಂದರೆ ಒಂದು ಗೇಣೂ ಇಲ್ಲ. ಅಷ್ಟರಲ್ಲೇ ಪ್ರೊಸೆಸರ್ ಸಾಕೆಟ್, ರ‍್ಯಾಮಿಗೆ ಸಾಮಾನ್ಯವಾಗಿ ಎರಡು ಸ್ಲಾಟ್, ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಒಂದು ಸ್ಲಾಟ್. ಇದರ ನಾಲ್ಕು ಸ್ಕ್ರೂ ತೂತುಗಳು ಎಟಿಎಕ್ಸ್ ತೂತುಗಳಿಗೆ ಹೊಂದುವುದರಿಂದ ದೊಡ್ಡ ಕ್ಯಾಬಿನೆಟ್ಟಿನಲ್ಲೂ ಕೂರುತ್ತದೆ. ಅದೇ ಚಿಪ್‌ಸೆಟ್ಟಿನ ಮೈಕ್ರೋ ಎಟಿಎಕ್ಸ್ ಬೋರ್ಡಿಗಿಂತ ಬೆಲೆ ಮಾತ್ರ ಹೆಚ್ಚು.

ಪಕ್ಕದಲ್ಲಿ ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗನೊಬ್ಬ ನಿಂತಿದ್ದ. ಹಾಸ್ಟೆಲಿಗೂ ಊರಿಗೂ ಹೊತ್ತೊಯ್ಯುವಂಥ ಕಂಪ್ಯೂಟರ್ ಅವನಿಗೆ ಬೇಕಿತ್ತು.

“ಅಣ್ಣಾ, ಐಟಿಎಕ್ಸ್ ಬೋರ್ಡ್ ತೋರ್ಸಿ.”

“ಕ್ಯಾಬಿನೆಟ್ ಯಾವ್ದು?”

“ಅದಿನ್ನೂ ನೋಡಿಲ್ಲ.”

“ಮೊದ್ಲು ಅದನ್ನ ನೋಡ್ಕೊಳಪ್ಪಾ. ಬೋರ್ಡ್ ಎಲ್ಲಿಗೂ ಓಡೋಗಲ್ಲ.”

ಕೌಂಟರಿನ ಹಿಂದಿದ್ದವರ ಈ ಮಾತು ನೂರಕ್ಕೆ ನೂರು ಸರಿ. ಕ್ಯಾಬಿನೆಟ್ಟಿನಲ್ಲಿ ಕೂಲರಿಗೆ ಎಷ್ಟು ಎತ್ತರ ಸಿಗುತ್ತದೆ ಎಂಬುದೇ ಉಳಿದದ್ದನ್ನೆಲ್ಲ ತೀರ್ಮಾನಿಸುತ್ತದೆ. ತೀರಾ ತೆಳ್ಳಗಿನ ಪೆಟ್ಟಿಗೆಗಳಲ್ಲಿ ನಾಕ್ಟುವಾದ 37 ಮಿ.ಮೀ. ಎತ್ತರದ ಕೂಲರಿನಂಥವು ಮಾತ್ರ ಹಿಡಿಯುತ್ತವೆ. ಅಂಥ ಕೂಲರ್ ಕೂರಿಸಿದರೆ 65 ವ್ಯಾಟ್ ವರ್ಗದ ಪ್ರೊಸೆಸರಿನಾಚೆಗೆ ಆಸೆಪಡಬಾರದು. ಎಎಂಡಿಯ ಎಎಂ5 ಸಾಕೆಟ್ಟಿನಲ್ಲಿ 65 ವ್ಯಾಟ್ ಎಂದು ಬರೆದ ಪ್ರೊಸೆಸರೂ ಒತ್ತಡ ಬಿದ್ದಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ. ಹೀಗಿರುವಾಗ ಓವರ್‌ಕ್ಲಾಕಿಂಗಿಗೆಂದೇ ಮಾಡಿದ ದುಬಾರಿ ಬೋರ್ಡಿಗೆ ಹಣ ಸುರಿದು ಏನು ಪ್ರಯೋಜನ? ಬಿ650ರಂಥ ಮಧ್ಯಮ ಚಿಪ್‌ಸೆಟ್ ಧಾರಾಳವಾಗಿ ಸಾಕು.

ಹುಡುಗ ಫೋನಿನಲ್ಲಿ ಕ್ಯಾಬಿನೆಟ್ ಹುಡುಕುತ್ತಿರುವಾಗಲೇ ಅವರು ಮುಂದಿನ ಪ್ರಶ್ನೆ ಕೇಳಿದರು: “ಗ್ರಾಫಿಕ್ಸ್ ಕಾರ್ಡ್ ಹಾಕ್ತೀಯಾ?” ಈಗ ಇಲ್ಲ, ಆಮೇಲೆ ನೋಡೋಣ ಎಂದ. “ಹಾಗಾದ್ರೆ ‘ಎಫ್’ ಅಂತ ಇರೋ ಪ್ರೊಸೆಸರ್ ಮುಟ್ಬೇಡ, ಡಿಸ್‌ಪ್ಲೇ ಬರಲ್ಲ.” ಬೋರ್ಡಿನ ಬೆನ್ನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದಮಾತ್ರಕ್ಕೆ ಚಿತ್ರ ಮೂಡುವುದಿಲ್ಲ. ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇರಬೇಕು. ಹಾಗೆಯೇ ರೈಜೆನ್ 8600ಜಿಯಂಥ ಒಳ್ಳೆಯ ಗ್ರಾಫಿಕ್ಸ್ ಇರುವ ಪ್ರೊಸೆಸರುಗಳಿಗೂ ಒಂದು ಮಿತಿಯಿದೆ. ಮುಂದೆ ಕಾರ್ಡ್ ಹಾಕಿದಾಗ ಅದಕ್ಕೆ ದತ್ತಾಂಶ ಸಾಗುವ 16 ಲೇನ್‌ಗಳ ಬದಲು ಎಂಟೇ ಸಿಗುತ್ತವೆ, 8500ಜಿಯಲ್ಲಿ ಬರೀ ನಾಲ್ಕು. ಸ್ಲಾಟ್ ನೋಡಲು ಪೂರ್ತಿ ಉದ್ದವಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ.

ಸಾಕೆಟ್ಟಿನ ವಿಷಯದಲ್ಲಿ ನನ್ನ ಒಲವು ಎಎಂ5 ಕಡೆಗೆ. 2022ರಲ್ಲಿ ಬಂದ ಈ ಸಾಕೆಟ್ಟಿಗೆ 2027ರವರೆಗಾದರೂ ಬೆಂಬಲವಿರುತ್ತದೆ ಎಂದು ಎಎಂಡಿ ಹೇಳಿದೆ. ಇಂಟೆಲ್ಲಿನ ಎಲ್‌ಜಿಎ 1700 ಸಾಕೆಟ್ 12, 13 ಮತ್ತು 14ನೇ ತಲೆಮಾರನ್ನು ಕಂಡಿತು. 2024ರಲ್ಲಿ ಅದರ ಜಾಗಕ್ಕೆ 1851 ಬಂತು. ದೊಡ್ಡ ಟವರಿನಲ್ಲಿ ಬೋರ್ಡ್ ಬದಲಿಸುವುದು ಸಂಜೆಯ ಕೆಲಸ. ಚಿಕ್ಕ ಪೆಟ್ಟಿಗೆಯಲ್ಲಾದರೆ ಕೇಬಲ್, ಕೂಲರ್, ಎಸ್‌ಎಂಪಿಎಸ್ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಬೇಕು. ಬೋರ್ಡನ್ನು ಮುಟ್ಟದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿರುವುದು ಇಲ್ಲಿ ದೊಡ್ಡ ಅನುಕೂಲ. ಆದರೆ ಕೈಯಲ್ಲಿ ಡಿಡಿಆರ್4 ರ‍್ಯಾಮ್ ಇದ್ದು ಅದನ್ನೇ ಬಳಸಬೇಕೆನ್ನುವವರಿಗೆ ಎಎಂ5 ಆಗದು, ಅದು ಡಿಡಿಆರ್5ಗೆ ಮಾತ್ರ. 1700ರ ಬೋರ್ಡುಗಳಲ್ಲಿ ಎರಡೂ ಬಗೆ ಉಂಟು.

ರ‍್ಯಾಮ್ ಕೊಳ್ಳುವಾಗ ಮೊದಲೇ ದೊಡ್ಡ ಜೋಡಿ ಕೊಳ್ಳಬೇಕು. ಇರುವುದೇ ಎರಡು ಸ್ಲಾಟ್, ಎರಡರಲ್ಲೂ 8 ಜಿಬಿ ತುಂಬಿಸಿದರೆ ನಾಳೆ ಹೆಚ್ಚಿಸಲು ಎರಡನ್ನೂ ಕೀಳಬೇಕು. ಒಂದನ್ನೇ ಹಾಕಿದರೆ ಪ್ರೊಸೆಸರಿನ ಗ್ರಾಫಿಕ್ಸ್ ಸೊರಗುತ್ತದೆ. ಬಣ್ಣದ ದೀಪದ ಎತ್ತರದ ಕಡ್ಡಿಗಳು ಬೇಡ. ಸಾದಾ ಕಡ್ಡಿಯ ಎತ್ತರ ಸುಮಾರು 31 ಮಿ.ಮೀ., ಅಗಲವಾದ ಕೂಲರಿನ ಕೆಳಗೂ ನುಸುಳೀತು.

ಈಗ ಬೋರ್ಡನ್ನು ತಿರುವಿ ಹಾಕಿ. ಮುಂದೆ ಜಾಗ ಸಾಲದೆ ಅನೇಕ ಐಟಿಎಕ್ಸ್ ಬೋರ್ಡುಗಳಲ್ಲಿ ಎರಡನೆಯ ಎಂ.2 ಸ್ಲಾಟನ್ನು ಬೆನ್ನಿಗೆ ಕೂರಿಸಿರುತ್ತಾರೆ. ಅಲ್ಲಿ ಗಾಳಿಯಾಡುವುದಿಲ್ಲ. ವೇಗದ ಎಸ್‌ಎಸ್‌ಡಿ ಮುಂದೆ ಹೀಟ್‌ಸಿಂಕಿನ ಕೆಳಗಿರಲಿ, ಫೋಟೋ–ಸಿನಿಮಾ ತುಂಬಿಡುವುದು ಹಿಂದೆ ಹೋಗಲಿ. ಇರುವ ಒಂದೇ ಪಿಸಿಐಇ ಸ್ಲಾಟನ್ನು ಕಾರ್ಡ್ ನುಂಗಿದ ಮೇಲೆ ಬೇರೇನನ್ನೂ ಸೇರಿಸಲಾಗದು, ಆದ್ದರಿಂದ ವೈಫೈ ಬೋರ್ಡಿನಲ್ಲೇ ಇರುವುದು ಒಳ್ಳೆಯದು. ಯುಎಸ್‌ಬಿ ಕಿಂಡಿಗಳನ್ನು ಬೆರಳು ಮಡಿಚಿ ಎಣಿಸಿ. ಕ್ಯಾಬಿನೆಟ್ಟಿನ ಮುಂದೆ ಟೈಪ್-ಸಿ ಇದ್ದರೆ ಬೋರ್ಡಿನಲ್ಲಿ ಅದರ ಕನೆಕ್ಟರ್ ಇದೆಯೇ ನೋಡಿ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರಂತೂ ನೆಮ್ಮದಿ: ಹಳೆಯ ಸ್ಟಾಕಿನ ಬಿ650 ಬೋರ್ಡಿಗೆ 2024ರ ರೈಜೆನ್ 9000 ಸರಣಿಯ ಪ್ರೊಸೆಸರ್ ಹಾಕಬೇಕಾದಾಗ ಪೆನ್‌ಡ್ರೈವ್ ಒಂದರಿಂದಲೇ ಬಯಾಸ್ ಹೊಸದು ಮಾಡಬಹುದು.

ಮೇಜಿನ ಮೇಲಿಟ್ಟು ಅಲ್ಲಿಂದ ಕದಲಿಸದವರಿಗೆ ನಾನು ಐಟಿಎಕ್ಸ್ ಹೇಳುವುದೇ ಇಲ್ಲ. ಚಿಕ್ಕ ಮೈಕ್ರೋ ಎಟಿಎಕ್ಸ್ ಕ್ಯಾಬಿನೆಟ್ಟುಗಳಿವೆ, ದುಡ್ಡೂ ಉಳಿಯುತ್ತದೆ, ಹೆಚ್ಚಿನವುಗಳಲ್ಲಿ ಸ್ಲಾಟುಗಳೂ ಹೆಚ್ಚು. ಗ್ರಾಫಿಕ್ಸ್ ಕಾರ್ಡ್ ಎಂದೂ ಬೇಡ ಎನ್ನುವವರಿಗೆ ಆಸ್‌ರಾಕ್ ಡೆಸ್ಕ್‌ಮಿನಿಯಂಥ ಸುಮಾರು 2 ಲೀಟರಿನ ಪೆಟ್ಟಿಗೆಯೂ ಉಂಟು, ಬೋರ್ಡ್ ಒಳಗೇ ಬರುತ್ತದೆ. ಐಟಿಎಕ್ಸ್ ಬೇಕಾದದ್ದು ಆ ಹುಡುಗನಂತೆ ಹೊತ್ತು ತಿರುಗುವವರಿಗೆ.

ಅವನು ಕೊನೆಗೆ ಬಿ650 ಬೋರ್ಡೊಂದನ್ನು ಆರಿಸಿದ. ಅಂಗಡಿಯವರು ಸೀಲ್ ಒಡೆದು, ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದರು. 1718 ಸೂಜಿಮೊನೆಗಳು ಸಾಲುಸಾಲಾಗಿ ಮಿನುಗಿದವು. ಒಂದು ಬಾಗಿದ್ದರೂ ಅಲ್ಲಿ ಬೆಳಕು ತಪ್ಪುತ್ತದೆ. ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಇಲ್ಲ, ಈ ತಪಾಸಣೆ ಕೌಂಟರಿನಲ್ಲೇ ಮುಗಿಯಬೇಕು. ಮುಚ್ಚಳವನ್ನು ಎಸೆಯದೆ ಡಬ್ಬಿಯಲ್ಲಿಡಲು ಹೇಳಿದರು, ವಾರಂಟಿಗೆ ಬೋರ್ಡ್ ಕಳಿಸುವಾಗ ಕೇಳುತ್ತಾರೆ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬಿಯ ಮೇಲಿನದಕ್ಕೂ ಬೋರ್ಡಿನ ಸ್ಟಿಕರಿಗೂ ತಾಳೆ ನೋಡಿದ್ದಾಯಿತು. ಬ್ಯಾಗಿಗೆ ಸೇರಿಸುವ ಮುನ್ನ ಅವರು ಇನ್ನೊಂದು ಮಾತು ಸೇರಿಸಿದರು: “ಹಿಂದ್ಗಡೆ ಎಸ್‌ಎಸ್‌ಡಿ ಹಾಕೋದಿದ್ರೆ ಬೋರ್ಡ್ ಸ್ಕ್ರೂ ಮಾಡೋಕ್ ಮುಂಚೆನೇ ಹಾಕ್ಬಿಡು. ಆಮೇಲೆ ಕೈ ಹೋಗಲ್ಲ.”