ಆಸರೆಗೂ ಆಸರೆ ಬೇಡವೆ?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿತು. ಇಂಥ ಕಡೆಗಳಲ್ಲಿ, ಮಾತು ಬಾರದ ಮಗುವಿನಿಂದ ಒಂದೇ ಪದವನ್ನು ನೂರು ಬಾರಿ ನುಡಿಸುವವರ ತಾಳ್ಮೆಯನ್ನು ನೆನೆದು ನಾನು ಬೆರಗಾಗಿದ್ದೇನೆ. ಆದರೆ ತಾಳ್ಮೆಯೂ ಬತ್ತದ ಸೆಲೆಯಲ್ಲ.

ಸೇವಾನಿರತರ ಈ ಬಳಲಿಕೆಯನ್ನು ಮನೋವಿಜ್ಞಾನಿ ಫ್ರಾಯ್ಡನ್‌ಬರ್ಗರ್ 1974ರ ಲೇಖನದಲ್ಲಿ ‘ಬರ್ನ್‌ಔಟ್’ ಎಂದು ಕರೆದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ರೋಗವೆನ್ನದೆ ವೃತ್ತಿಸಂಬಂಧವಾದ ವಿದ್ಯಮಾನವೆಂದಿತು. ಅಂದಮೇಲೆ ಮದ್ದನ್ನು ದುಡಿಯುವವರ ಎದೆಯಲ್ಲಲ್ಲ, ದುಡಿಮೆಯ ಏರ್ಪಾಡಿನಲ್ಲಿ ಹುಡುಕಬೇಕು.

ನಾವಾದರೋ ಅವರನ್ನು ದೇವರೆಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ನಮ್ಮ ಗುಡಿಗಳಲ್ಲಿ ದೇವರಿಗೂ ಶಯನೋತ್ಸವವುಂಟು! ವಾರದ ಬಿಡುವು, ನ್ಯಾಯವಾದ ವೇತನ, ಅಳಲು ತೋಡಿಕೊಳ್ಳಲೊಬ್ಬ ಹಿರಿಯರು—ಇಷ್ಟನ್ನಾದರೂ ಸಮಾಜ ಸಲ್ಲಿಸಬೇಡವೆ? ಆಸರೆಯ ಕೈ ಸೋತರೆ ಎಡವುವುದು ಮಗುವೇ.