ರೂಟ್ ಕೆನಾಲ್ ಆದ ಮೇಲೂ ಹಲ್ಲುನೋವೇ?

ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ತಿಂಗಳುಗಳು ಕಳೆದಿವೆ. ಆದರೂ ಆ ಕಡೆಯಲ್ಲಿ ರೊಟ್ಟಿ ಅಗಿಯಲಾಗುತ್ತಿಲ್ಲವೇ? ‘ದುಡ್ಡು ದಂಡವಾಯಿತು, ಕಿತ್ತೇ ಬಿಡಿ’ ಎಂದು ಹೇಳುವ ಮುನ್ನ ನಿಮ್ಮ ಹಲ್ಲಿನ ಬೇರು ಹೇಗಿದೆ ಎಂದು ತಿಳಿಯುವುದು ಒಳ್ಳೆಯದು.

ಬೇತಮಂಗಲ, ಕೆ.ಜಿ.ಎಫ್. ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಗಣಿಗೆ ಮೇಲೆ ಕಾಣುವ ಬಾಯಿ ಒಂದೇ, ಒಳಗೆ ಕವಲು ಹಲವು. ಹಲ್ಲೂ ಹಾಗೆಯೇ. ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಮೂರು ಬೇರಿಗೆ ಮೂರೇ ನಾಳ ಎಂದುಕೊಳ್ಳುತ್ತೇವೆ. ಆದರೆ ಕೆನ್ನೆಯ ಕಡೆಗಿರುವ ಮುಂದಿನ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಿಗೆ ಎರಡು ನಾಳ ಇರುತ್ತದೆ. ಎರಡನೆಯದು ಬಹಳ ಕಿರಿದು, ಬಾಯಿಯೂ ಮುಚ್ಚಿಕೊಂಡಂತಿರುತ್ತದೆ. ಕೆಳದವಡೆಯ ಮೊದಲ ದೊಡ್ಡ ಹಲ್ಲಿಗೆ ಕೆಲವರಲ್ಲಿ ನಾಲಗೆಯ ಬದಿಗೆ ಮೂರನೆಯ ಬೇರು ಬಾಗಿಕೊಂಡು ಬೆಳೆದಿರುತ್ತದೆ. ವಿಯೆನ್ನಾದ ದಂತವೈದ್ಯ ಕಾರಾಬೆಲ್ಲಿ 1844ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅದರ ಪಕ್ಕದ ಹಲ್ಲಿನಲ್ಲಿ ಕೆಲವೊಮ್ಮೆ ನಾಳಗಳೆಲ್ಲ ಕೂಡಿ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಸೀಳಾಗಿರುತ್ತವೆ. ಚೀನಾ, ಕೊರಿಯಾದವರಲ್ಲಿ ಇದು ಹೆಚ್ಚು, ನಮ್ಮಲ್ಲೂ ಇದೆ.

(ಕೋಲಾರದ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲಿಗೆ ಕಲೆ ತರುತ್ತದೆ, ನಿಜ. ಆದರೆ ಬೇರಿನ ಈ ಆಕಾರಕ್ಕೆ ನೀರನ್ನು ದೂರಬೇಡಿ. ಅದು ಹೆಚ್ಚಾಗಿ ವಂಶದಿಂದ ಬಂದದ್ದು.)

ಒಂದು ನಾಳ ಉಳಿದುಹೋದರೆ ಅದರೊಳಗಿನ ರೋಗಾಣುಗಳೂ ಉಳಿಯುತ್ತವೆ. ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ, ಒಸಡಿನಲ್ಲಿ ಗುಳ್ಳೆ ಏಳುತ್ತದೆ. ನೋವಿನ ಮಾತ್ರೆ ನೋವನ್ನಷ್ಟೇ ಮರೆಸುತ್ತದೆ.

ಇಂಥ ಹಲ್ಲನ್ನು ಬಹಳ ಸಲ ಉಳಿಸಬಹುದು. ಹಳೆಯ ಎಕ್ಸ್‌ರೇ ತೆಗೆದುಕೊಂಡು ಬೇರುನಾಳ ತಜ್ಞರನ್ನು ಕಾಣಿರಿ. ಕೆ.ಜಿ.ಎಫ್.ನ ಬೆಮೆಲ್ ನಗರದಲ್ಲಿ ದಂತ ಕಾಲೇಜು ಇದೆ, ದಂತ ಕಾಲೇಜೆಂದರೆ ಈ ವಿಭಾಗ ಇದ್ದೇ ಇರುತ್ತದೆ. ‘ಬೇರೆ ಕೋನದಿಂದ ಇನ್ನೊಂದು ಎಕ್ಸ್‌ರೇ ಬೇಕೇ? ನಾಳ ಉಳಿದಿರಬಹುದೇ?’ ಎಂದು ಸಂಕೋಚವಿಲ್ಲದೆ ಕೇಳಿ. ಅನುಮಾನ ತೀರದಿದ್ದರೆ ಕೋನ್ ಬೀಮ್ ಸಿ.ಟಿ. ಎಂಬ ಸ್ಕ್ಯಾನ್ ಇದೆ. ಅದು ಎಲ್ಲರಿಗೂ ಬೇಕಿಲ್ಲ. ಸೂಕ್ಷ್ಮದರ್ಶಕವಿದ್ದರೆ ಅಡಗಿದ ನಾಳ ಹುಡುಕುವುದು ಸುಲಭ. ಕೆಲಸ ಮುಗಿದ ಮೇಲೆ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ಟೊಳ್ಳಾದ ದವಡೆ ಹಲ್ಲು ಅಗಿಯುವಾಗ ಸೀಳುತ್ತದೆ.

ರಮಝಾನ್ ಬಂತೆಂದು ಚಿಕಿತ್ಸೆಯನ್ನು ಈದ್‌ವರೆಗೆ ತಳ್ಳುವವರಿದ್ದಾರೆ. ಹಲ್ಲು ಕೊರೆಯುವುದು, ಕೀಳುವುದು, ಸ್ವಚ್ಛಗೊಳಿಸುವುದರಿಂದ, ಏನನ್ನೂ ನುಂಗದಿದ್ದರೆ, ಉಪವಾಸ ಭಂಗವಾಗದು ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1997ರಲ್ಲಿ ಜಿದ್ದಾದಲ್ಲಿ ತೀರ್ಮಾನಿಸಿದೆ. ಸಂಶಯವಿದ್ದರೆ ನಿಮ್ಮ ಉಲಮಾಗಳನ್ನು ಕೇಳಿ, ಇಲ್ಲವೇ ಇಫ್ತಾರ್ ನಂತರದ ಸಮಯ ಪಡೆಯಿರಿ. ಆದರೆ ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.